ಮದುಮಗಳ ಮಣೆಗೊಂದು ಇಟ್ಟಿಗೆ

ನಮ್ಮ ದೊಡ್ಡಪ್ಪನ ಪ್ರಕಾರ ಕನ್ನಡದ ಅರ್ಧಕ್ಕರ್ಧ ಸಿನಿಮಾ ಹಾಡುಗಳು ಹುಟ್ಟಿದ್ದು ಹೊಸದುರ್ಗ ತಾಲ್ಲೂಕಿನಲ್ಲಿ. ಉಳಿದರ್ಧ? ಅವೂ ಇಲ್ಲಿಯವೇ, ಹಿರಿಯೂರಿನವರು ಎತ್ತಿಕೊಂಡು ಹೋದರಂತೆ!

ಅವರ ಜೊತೆ ಬಸ್ಸು ಹತ್ತಲು ನನಗೆ ಇಂದಿಗೂ ಭಯ. ಡ್ರೈವರ್ ಹಾಡು ಹಾಕಿದರೆ ಸಾಕು, ಪಕ್ಕದವರ ಪಕ್ಕೆ ತಿವಿದು ಶುರು ಮಾಡುತ್ತಾರೆ. ಒಮ್ಮೆ ಹಿರಿಯೂರಿನ ದಾರಿಯಲ್ಲಿ ಒಂದು ವಿರಹಗೀತೆ ಬಂತು.

"ಇದನ್ನ ಬರ್ದೋನಿಗೆ ಯಾವ ಹುಡ್ಗೀನೂ ಕೈ ಕೊಟ್ಟಿಲ್ಲ ಕಣ್ರಿ. ಹಿರಿಯೂರಲ್ಲಿ ಟೀ ಕುಡಿಯಾಕೆ ಇಳಿದಿದ್ದ, ಬಸ್ಸು ಬಿಟ್ಟೋತು. ಆ ಸಂಕಟಕ್ಕೆ ಬರ್ದಿದ್ದು!"

ಪಕ್ಕದಲ್ಲಿದ್ದ ಕೊಬ್ಬರಿ ವ್ಯಾಪಾರಿ ಕೇಳಿದ, "ಆಗ ನೀವೆಲ್ಲಿದ್ರಿ?"

"ಬಸ್ಸಲ್ಲೇ ಇದ್ದೆ. ಅವ್ನ ಸೀಟು ಖಾಲಿ ಆಗಿತ್ತಲ್ಲ, ಅದ್ರಲ್ಲೇ ಕುಂತಿದ್ದೆ!"

ಭಕ್ತಿಗೀತೆಗಳನ್ನಾದರೂ ಬಿಡುತ್ತಾರೆಯೇ? ದೇವರನ್ನು ಕರೆಕರೆದು ಕಂಠ ಶೋಷಣೆ ಮಾಡಿಕೊಳ್ಳುವ ಹಾಡೊಂದನ್ನು, ಬೋರ್‌ವೆಲ್ ಮೋಟಾರು ಸುಟ್ಟಾಗ ಮೆಕ್ಯಾನಿಕ್‌ಗೆ ಕಾಯುತ್ತಾ ಬರೆದದ್ದಂತೆ. "ಸುಳ್ಳಿಗೂ ಒಂದು ಲಂಗು ಲಗಾಮು ಬ್ಯಾಡವಾ?" ಎಂದು ದೊಡ್ಡಮ್ಮ ಗದರುತ್ತಾರೆ. ಅವರ ಬೈಗುಳವಿಲ್ಲದೆ ದೊಡ್ಡಪ್ಪನಿಗೆ ಕಥೆ ಪೂರ್ತಿಯಾದಂತೆ ಅನ್ನಿಸುವುದೇ ಇಲ್ಲ.

ಆದರೆ ಒಂದು ಹಾಡಿನ ವಿಷಯ ಬಂದರೆ ಮಾತ್ರ ದನಿ ತಗ್ಗಿಸುತ್ತಾರೆ. ನಮ್ಮ ಕಡೆ ಅರಿಶಿಣ ಶಾಸ್ತ್ರದಲ್ಲಿ ಹಾಡುವ "ಮೊದಲಿಟ್ಟಿಗೆ ಇಡಿರಮ್ಮ ಮದುಮಗಳ ಮಣೆಗೆ" ಎಂಬ ಪದ ಅದು. ದೊಡ್ಡಪ್ಪನ ತಂಗಿಯ ಮದುವೆಯಲ್ಲಿ ಮಣೆಯ ಕಾಲು ಮುರಿಯಿತಂತೆ. ಅಪಶಕುನವೆಂದು ಬೀಗರು ಮುಖ ಸಿಂಡರಿಸಿಕೊಳ್ಳುವಷ್ಟರಲ್ಲಿ ದೊಡ್ಡಪ್ಪ ಓಡಿಹೋಗಿ ಇಟ್ಟಿಗೆ ತಂದು ಮುರಿದ ಕಾಲಿನ ಜಾಗಕ್ಕೆ ಕೊಟ್ಟರಂತೆ. ಹೊಸ ಸೊಸೆಯಾಗಿದ್ದ ದೊಡ್ಡಮ್ಮ, ಇದೂ ಒಂದು ಶಾಸ್ತ್ರವೆಂಬಂತೆ ನಿಂತ ನಿಲುವಿನಲ್ಲೇ ಪದ ಕಟ್ಟಿ ಹಾಡಿಬಿಟ್ಟರಂತೆ!

ಬೀಗರು ನಂಬಿದರು. ಎಷ್ಟು ನಂಬಿದರೆಂದರೆ, ಈಗ ನಮ್ಮೂರು ಮತ್ತೋಡಿನಿಂದ ಹೊಳಲ್ಕೆರೆಯವರೆಗೆ ಇಟ್ಟಿಗೆ ಇಲ್ಲದೆ ಅರಿಶಿಣವೇ ಇಲ್ಲ. ಕಲ್ಯಾಣಮಂಟಪದ ಗಟ್ಟಿಮುಟ್ಟಾದ ಕುರ್ಚಿಗೂ ಒಂದು ಕಾಲಿಗೆ ಇಟ್ಟಿಗೆ ಕೊಡುತ್ತಾರೆ. ಪಾಪ, ಮದುಮಗಳು ವಾಲಿಕೊಂಡೇ ಫೋಟೋಗೆ ನಗಬೇಕು!

ದೊಡ್ಡಪ್ಪನ ಕಥೆಗಳಲ್ಲೆಲ್ಲ ನಾವು ಅತಿ ಹೆಚ್ಚು ನಕ್ಕಿದ್ದು ಇದಕ್ಕೇ. ಕೇಳಿದರೆ ದೊಡ್ಡಮ್ಮ, "ಹಾಡಿದ್ರೆ ಸಾಕು, ಯಾರು ಕಟ್ಟಿದ್ರೇನು" ಎಂದು ಒಳಗೆ ಹೋಗಿಬಿಡುತ್ತಿದ್ದರು. ದೊಡ್ಡಪ್ಪ ನನ್ನ ಕೈ ಹಿಡಿದು, "ಊರೂರಲ್ಲಿ ಹಾಡ್ತಾರೆ ಕಣಲೇ. ಇವಳ ಹೆಸ್ರು ಒಬ್ರಿಗೂ ಗೊತ್ತಿಲ್ವಲ್ಲೋ" ಎನ್ನುತ್ತಿದ್ದರು. ನಾನು ಆಗಲೂ ನಗುತ್ತಿದ್ದೆ.

ಹೋದ ತಿಂಗಳು ನಾವೆಲ್ಲ ಹೋಗಿದ್ದ ಹೊಳಲ್ಕೆರೆಯ ಮದುವೆಯೊಂದಕ್ಕೆ, ಹಳೆಯ ಪದಗಳನ್ನು ಸಂಗ್ರಹಿಸುವ ಕಾಲೇಜು ಹುಡುಗಿಯೊಬ್ಬಳು ಮೊಬೈಲು ಹಿಡಿದು ಬಂದಿದ್ದಳು. ಇಟ್ಟಿಗೆಯ ಪದ ಮುಗಿದ ಮೇಲೆ, "ಇದನ್ನ ಕಟ್ಟಿದವರು ಯಾರು?" ಎಂದಳು.

"ಯಾರೂ ಇಲ್ಲಮ್ಮ, ಪುರಾತನದ್ದು," ಎಂದರು ಹೆಂಗಸರು.

ದೊಡ್ಡಪ್ಪ ಎದ್ದು ನಿಂತರು. "ಕಟ್ಟಿದ್ದು ನಮ್ಮನೆಯಾಕೆ."

ಮಂಟಪವೇ ಗೊಳ್ಳೆಂದಿತು. "ಕುಂತ್ಕಳ್ರಿ ಯಜಮಾನ್ರೇ, ಆ ಬಸ್ಸಿನ ಕಥೆ ಹೇಳ್ರಿ!" ಎಂದರು ಯಾರೋ. ದೊಡ್ಡಪ್ಪನ ಮುಖ ಅಷ್ಟು ಸಣ್ಣಗಾದದ್ದನ್ನು ನಾನು ಎಂದೂ ನೋಡಿರಲಿಲ್ಲ. ಜೀವಮಾನವೆಲ್ಲ ಬಿಟ್ಟ ಬುರುಡೆಗಳು ಈ ಒಂದು ನಿಜದ ಬಾಯಿ ಮುಚ್ಚಿಸಿದ್ದವು. ಅವರು ತಲೆ ತಗ್ಗಿಸಿ ಕುಳಿತರು.

ಆಗ ದೊಡ್ಡಮ್ಮ ಎದ್ದರು.

"ನಾನೇ ಕಟ್ಟಿದ್ದು ಕಣಮ್ಮ," ಎಂದರು. ಸೆರಗು ಸರಿಮಾಡಿಕೊಂಡು, "ನಮ್ಮ ಯಜಮಾನ್ರು ಹೇಳಿದ್ರಲ್ಲಿ ಇದೊಂದು ದಿಟ ಐತೆ," ಎಂದರು.

ಯಾರೂ ನಗಲಿಲ್ಲ. ಹುಡುಗಿ ಹೆಸರು ಕೇಳಿ ಬರೆದುಕೊಂಡಳು. ಸರಿಯಿದೆಯೇ ಎಂದು ಗಟ್ಟಿಯಾಗಿ ಓದಿದಳು: "ಪದ ಕಟ್ಟಿದವರು, ಮತ್ತೋಡಿನ ಹಾಲಮ್ಮ."

ನನ್ನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ನಕ್ಕಿದ್ದಕ್ಕೆ ನಾಚಿಕೆಯೂ ಆಯಿತು. ಎಂಥ ಹಾಡಿಗೂ ಕಥೆ ಹೇಳುತ್ತಿದ್ದ ದೊಡ್ಡಪ್ಪ ಅಂದು ಒಂದು ಮಾತನ್ನೂ ಸೇರಿಸಲಿಲ್ಲ. ಹುಡುಗಿಯ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು:

"ಇನ್ನೊಂದ್ಸಲ ಓದವ್ವಾ."