ಆರು ನಿಮಿಷದ ನಿಶ್ಶಬ್ದ

ನಾಲ್ಕನೆಯ ನಿಮಿಷಕ್ಕೆ ಸರಿಯಾಗಿ ಮೇಲಿನ ಮನೆಯ ಕುಕ್ಕರ್ ಕೂಗಿತು.

ಕೂಗಿದ್ದು ಒಂದೇ ಸಲ. ಆದರೆ ಆ ಕುಕ್ಕರ್‌ಗೆ ವಯಸ್ಸಾಗಿತ್ತು. ಕೂಗಿ ಮುಗಿಸಿದ ಮೇಲೂ ಬಹಳ ಹೊತ್ತು ಗೊಣಗುತ್ತಲೇ ಇತ್ತು. ಪುಟ್ಟಿ ಪಿಟೀಲಿನ ಕಮಾನು ಕೆಳಗಿಳಿಸಿದಳು. ಅವಳ ಸೋದರಮಾವ ಫೋನಿನಲ್ಲಿ ರೆಕಾರ್ಡಿಂಗ್ ನಿಲ್ಲಿಸಿ ಚಾವಣಿಯನ್ನು ದುರುಗುಟ್ಟಿ ನೋಡಿದ.

"ಮತ್ತೆ ಮೊದಲಿಂದಾನಾ?" ಅಂದ.

"ಮತ್ತೆ ಮೊದಲಿಂದ, ಮಾಮ."

ಪುಟ್ಟಿಯ ಕಾಲೇಜಿನಲ್ಲಿ ಮೊದಲ ವರ್ಷ ಎಲ್ಲರೂ ಎಲ್ಲವನ್ನೂ ಓದಬೇಕು. ಬೆಳಿಗ್ಗೆ ಇತಿಹಾಸ, ಆಮೇಲೆ ಗಣಿತ, ಊಟವಾದ ಮೇಲೆ ಸಸ್ಯಶಾಸ್ತ್ರ, ನಿದ್ದೆ ಬರುವ ಹೊತ್ತಿಗೆ ತತ್ತ್ವಶಾಸ್ತ್ರ. ಎರಡನೆಯ ವರ್ಷಕ್ಕೆ ಅವುಗಳಲ್ಲಿ ಒಂದನ್ನು ಮುಖ್ಯ ವಿಷಯ ಅಂತ ಆರಿಸಿಕೊಂಡು ಉಳಿದವನ್ನು ಪಕ್ಕದಲ್ಲಿಟ್ಟುಕೊಂಡು ಓದುವುದು. ಪುಟ್ಟಿ ಆರಿಸಿಕೊಂಡದ್ದು ಸಂಗೀತ. ಆದರೆ ಸಂಗೀತವೂ ಅವಳನ್ನು ಆರಿಸಿಕೊಳ್ಳಬೇಕಲ್ಲ! ಅದಕ್ಕೆ ಅಲ್ಲಿಯ ಸಂಗೀತದ ಮೇಡಂ ಮೂರು ನಿಯಮ ಮಾಡಿದ್ದರು. ಆರು ನಿಮಿಷ ನುಡಿಸಿ ಕಳಿಸಬೇಕು, ನಡುವೆ ಎಲ್ಲೂ ಕತ್ತರಿಸಿ ಅಂಟಿಸಬಾರದು. ಮನೆಯಲ್ಲೇ ನುಡಿಸಬೇಕು, ಸ್ಟುಡಿಯೋ ಕಡೆ ತಲೆ ಹಾಕಬಾರದು. ಇವತ್ತು ಸಂಜೆ ಐದರೊಳಗೆ ತಲುಪಿಸಬೇಕು.

ಹಿನ್ನೆಲೆಯಲ್ಲಿ ಪಿಸುಗುಟ್ಟುವ ಸದ್ದೂ ಇರಬಾರದು ಅನ್ನುವುದು ನಾಲ್ಕನೆಯ ನಿಯಮ. ಅದನ್ನು ಮಾಡಿದವನು ಮಾಮ. ಅವನು ಅಂಚೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಾಗದಗಳಿಗೆ ಮುದ್ರೆ ಒತ್ತುತ್ತಿದ್ದವನು. ಮುದ್ರೆ ಒಂದು ಕೂದಲೆಳೆ ಅಲುಗಿದರೂ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. "ಶಾಯಿ ಚೆಲ್ಲಿದ ಲಕೋಟೆ ಕಳಿಸೋಕಾಗುತ್ತಾ?" ಅನ್ನುವುದು ಅವನ ವಾದ. ಹಾಗಾಗಿ ಒಂದು ಕೆಮ್ಮು ಕೇಳಿದರೂ ರೆಕಾರ್ಡಿಂಗ್ ನಿಲ್ಲಿಸಿ, ಅಳಿಸಿ, ಮೊದಲಿಂದ ಶುರು. ಇದು ಏಳನೆಯ ಸಲ.

ಸಂಗೀತ ಸಿಗದಿದ್ದರೆ ಪುಟ್ಟಿ ಸಸ್ಯಶಾಸ್ತ್ರಕ್ಕೆ ಹೋಗಬೇಕಿತ್ತು. ಚಿಕ್ಕಂದಿನ ಪಿಟೀಲು ಮುರಿದುಹೋಗಿತ್ತು; ಕಾಲೇಜಿನಿಂದ ಎರವಲು ತಂದದ್ದು ನಾಳೆಯೇ ವಾಪಸ್. ಮಾಮನಿಗೆ ಸಸ್ಯಗಳ ಮೇಲೆ ಏನೂ ಸಿಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೆ ಸಂಗೀತವೂ ತಿಳಿಯದು; ಎಲ್ಲ ರಾಗವೂ ಅವನ ಕಿವಿಗೆ ಒಂದೇ ಅಳತೆಯ ಲಕೋಟೆ. ಆದರೆ ಅಕ್ಕ ತೀರಿಕೊಂಡ ಮೇಲೆ ಏಳು ವರ್ಷದ ಪುಟ್ಟಿಯನ್ನು ಕೈಹಿಡಿದು ಕರೆತಂದವನು ಅವನು. ಮಕ್ಕಳ ಹತ್ತಿರ ಹೇಗೆ ಮಾತಾಡಬೇಕೆಂದೇ ಗೊತ್ತಿರದ ಒಂಟಿ ಮನುಷ್ಯ. ಆ ಮನೆಯಲ್ಲಿ ಅವಳ ಸುಖದುಃಖ ಅವನಿಗೆ ತಿಳಿಯುತ್ತಿದ್ದದ್ದು ಮಾತಿನಿಂದಲ್ಲ, ಪಿಟೀಲಿನಿಂದ. ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗಿಂದ ಅದು ಕೇಳಿದರೆ ದಿನವೆಲ್ಲ ಮುದ್ರೆ ಒತ್ತಿದ ತೋಳಿನ ನೋವು ಅರ್ಧ ಇಳಿಯುತ್ತಿತ್ತು. ಸಂಗೀತ ಸಿಕ್ಕರೆ ಇನ್ನೂ ಮೂರು ವರ್ಷ ಆ ಸದ್ದು ಮನೆಯಲ್ಲಿರುತ್ತದೆ. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಹತ್ತೂವರೆಗೆ ಮಾಮ ಧೈರ್ಯ ಮಾಡಿ ಮೇಲಿನ ಮನೆಯ ಬಾಗಿಲು ತಟ್ಟಿದ. ಅಲ್ಲಿದ್ದವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಕಟ್ಟಡದವರೆಲ್ಲ ಅವರನ್ನು ಕರೆಯುತ್ತಿದ್ದದ್ದು ಹೆಡ್‌ಮೇಡಂ ಅಂತ. ಅವರ ಮುಂದೆ ನಿಂತರೆ ಐವತ್ತು ವರ್ಷದವರ ಕೈಗಳೂ ತಾವಾಗಿಯೇ ಹಿಂದಕ್ಕೆ ಹೋಗುತ್ತಿದ್ದವು.

"ಸಂಗೀತಾನ ಕಾಲೇಜಲ್ಲಿ ಓದ್ತಾರಾ?" ಅಂದರು ಹೆಡ್‌ಮೇಡಂ. "ನಮ್ಮ ತಂಗಿ ಓದದೇನೇ ಹಾಡ್ತಾಳೆ."

"ಇವಳು ಗಣಿತಾನೂ ಓದ್ತಾಳೆ, ಮೇಡಂ. ಇತಿಹಾಸಾನೂ. ಎಲ್ಲಾ ಸೇರಿಸಿ ಸಂಗೀತ."

"ಹಾಗಾದ್ರೆ ಸರಿ." ಅವರು ಒಲೆ ಆರಿಸಿದರು. ಅಲ್ಲಿಗೆ ಬಿಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಮೂವತ್ತು ವರ್ಷ ಶಾಲೆ ನಡೆಸಿದವರಿಗೆ ಒಂದು ಕುಕ್ಕರ್ ಸುಮ್ಮನಾದರೆ ಸಾಕಾಗುತ್ತದೆಯೇ? "ನನ್ನ ಒಬ್ಬಳನ್ನ ಸುಮ್ಮನಿರಿಸಿದ್ರೆ ಏನು ಬಂತು, ಅಂಚೆಯವರೇ? ಎಲ್ಲರನ್ನೂ ಕರೀರಿ, ಮೆಟ್ಟಿಲ ಹತ್ತಿರ!"

ಮೆಟ್ಟಿಲ ಹತ್ತಿರ ಸಭೆ ಸೇರಿತು. ಪಕ್ಕದ ಮನೆಯ ಬಡಗಿ ಕೈಯಲ್ಲಿ ಸುತ್ತಿಗೆ ಹಿಡಿದೇ ಬಂದ. ಕೆಳಗಿನ ಮನೆಯ ಅಜ್ಜಿ ಐದು ತಿಂಗಳ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ಬಂದರು. ನಿಶ್ಶಬ್ದ ಹೇಗಿರಬೇಕು ಎಂಬ ವಿಷಯದ ಮೇಲೆ ಒಂದು ಗಂಟೆ ಹೊತ್ತು ಎಂಥ ಗಲಾಟೆ ನಡೆಯಿತೆಂದರೆ, ಎದುರು ರಸ್ತೆಯವರು ಜಗಳವೆಂದುಕೊಂಡು ಕಿಟಕಿ ತೆರೆದು ಕಾದರು.

ಎಂಟನೆಯ ಸಲ. ಪುಟ್ಟಿ ಕಮಾನು ಎತ್ತಿದಳು. ಎರಡು ನಿಮಿಷ ಕಳೆಯಿತು. ಕೆಳಗೆಲ್ಲೋ ಒಂದು ಚಮಚ ಬಿತ್ತು.

"ಶ್!" ಅಂದರು ಹೆಡ್‌ಮೇಡಂ ಮೇಲಿನಿಂದ.

"ಶ್!" ಅಂದ ಬಡಗಿ, ಹೆಡ್‌ಮೇಡಂಗೆ.

"ಶ್! ಶ್!" ಅಂದರು ಅಜ್ಜಿ, ಇಬ್ಬರಿಗೂ. ಕೂಸು ಎದ್ದು ಸೂರು ಹಾರಿಹೋಗುವ ಹಾಗೆ ಅತ್ತಿತು.

ವಿಚಾರಣೆ ನಡೆದಾಗ ಇನ್ನೊಂದು ಸಂಗತಿ ಹೊರಬಿತ್ತು. ಆ ಕೂಸು ಹುಟ್ಟಿದಂದಿನಿಂದ ನಿದ್ದೆ ಮಾಡುತ್ತಿದ್ದದ್ದು ಬಡಗಿಯ ಸುತ್ತಿಗೆಯ ಸದ್ದಿಗೆ. ಟಕಟಕ ನಿಂತರೆ ಅದಕ್ಕೆ ಎಚ್ಚರ. ಬಡಗಿ ಹೊಡೆದರೆ ಸದ್ದು, ಹೊಡೆಯದಿದ್ದರೆ ಅಳು.

"ನನಗೆ ಗೊತ್ತೇ ಇರಲಿಲ್ಲ," ಅಂದ ಬಡಗಿ. ಇಪ್ಪತ್ತು ವರ್ಷದಿಂದ ಬೈಸಿಕೊಂಡ ಸುತ್ತಿಗೆಗೆ ಮೊದಲ ಸಲ ಒಬ್ಬ ಅಭಿಮಾನಿ ಸಿಕ್ಕಿದ್ದ. ಅವನ ಕಣ್ಣು ತುಂಬಿತು.

ಹೆಡ್‌ಮೇಡಂ ತೀರ್ಪು ಕೊಟ್ಟರು. ಬಡಗಿ, ಸುತ್ತಿಗೆ, ಒಂದು ಹಲಗೆ, ಅಜ್ಜಿ ಮತ್ತು ಕೂಸು, ಇಷ್ಟೂ ಜನ ಮತ್ತು ಸಾಮಾನು ಎರಡು ಬೀದಿ ಆಚೆಯ ಉದ್ಯಾನಕ್ಕೆ ಹೋಗಬೇಕು. ಹೋದರು. ಬೆಂಚಿನ ಮೇಲೆ ಕೂತು ಬಡಗಿ ಹಲಗೆಗೆ ಸುಮ್ಮನೆ ಮೊಳೆ ಹೊಡೆಯುತ್ತಿದ್ದರೆ ಅಜ್ಜಿಯ ಮಡಿಲಲ್ಲಿ ಕೂಸು ಮಲಗಿತಂತೆ.

ಒಂಬತ್ತನೆಯ ಸಲ ಐದು ನಿಮಿಷ ನಲವತ್ತು ಸೆಕೆಂಡು ಎಲ್ಲವೂ ಸರಿಯಾಗಿತ್ತು. ಆಗ ಫೋನು ಹೊಡೆದುಕೊಂಡಿತು. ಬೇರೆ ಯಾರದ್ದೂ ಅಲ್ಲ, ರೆಕಾರ್ಡ್ ಮಾಡುತ್ತಿದ್ದ ಫೋನೇ. ಅಂದು ಮಾಮ ರಜೆ ಹಾಕಿದ್ದ ಅಂಚೆ ಕಚೇರಿಯಿಂದ ಮೇಲಧಿಕಾರಿ.

"ಏನ್ರೀ, ತಾರೀಖು ಬದಲಾಯಿಸೋ ಮುದ್ರೆ ಎಲ್ಲಿಟ್ಟಿದೀರ?"

ಮಾಮ ತನ್ನ ಜೇಬು ತಡಕಿದ. ಮುದ್ರೆ ಅಲ್ಲೇ ಇತ್ತು. ಗೊತ್ತಿಲ್ಲ ಅಂತ ಸುಳ್ಳು ಹೇಳಿ ಫೋನಿಟ್ಟು, ಅಳುತ್ತಾಳೇನೋ ಎಂದು ಪುಟ್ಟಿಯ ಕಡೆ ತಿರುಗಿದ. ಅವಳು ಪಿಟೀಲು ತಬ್ಬಿಕೊಂಡು ನೆಲದ ಮೇಲೆ ಕೂತು ನಗುತ್ತಿದ್ದಳು. ನಗು ನಿಂತ ಮೇಲೆ, "ಸಿಗದಿದ್ರೆ ಬಿಡು ಮಾಮ. ಸಸ್ಯಶಾಸ್ತ್ರಾನೂ ಚೆನ್ನಾಗಿದೆ," ಅಂದಳು.

ಹಾಗೆ ಅಂದಾಗ ಅವಳು ಎಡಗೈ ಬೆರಳಿನಿಂದ ತಂತಿಯನ್ನು ಸವರುತ್ತಿದ್ದಳು. ಮಾಮ ಆ ಬೆರಳನ್ನು ನೋಡಿದ. "ಸುಮ್ನಿರು. ಏಳು ಮೇಲೆ," ಅಂದ.

ಎರಡೂಕಾಲಿಗೆ ಹತ್ತನೆಯ ಸಲ. ಫೋನಿಗೆ ಯಾವ ಕರೆಯೂ ಬರದ ಹಾಗೆ ಮಾಡಿದ. ಫ್ಯಾನು ಆರಿಸಿದ. ಗಡಿಯಾರವನ್ನು ಕಂಬಳಿಯಲ್ಲಿ ಸುತ್ತಿ ಬೀರುವಿನಲ್ಲಿಟ್ಟ. ಅವನು ನಿಂತ ಜಾಗದ ನೆಲಗಲ್ಲು ಅಲುಗಾಡುತ್ತಿದ್ದುದರಿಂದ ಒಂದೇ ಕಾಲಿನ ಮೇಲೆ ನಿಂತ. ಮೆಟ್ಟಿಲ ಮೇಲೆ ಹೆಡ್‌ಮೇಡಂ ತುಟಿಗೆ ಬೆರಳಿಟ್ಟು ಕಾವಲು ಕೂತರು. ಹಳೇ ಕಬ್ಬಿಣ, ಹಳೇ ಪೇಪರ್ ಅಂತ ಕೂಗಿಕೊಂಡು ಬರುವ ಗುಜರಿಯವನನ್ನೂ ಅವರು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಿದ್ದರು.

ಪುಟ್ಟಿ ನುಡಿಸಿದಳು. ಆರು ನಿಮಿಷವೂ ನುಡಿಸಿದಳು. ಅಷ್ಟು ದಿನ ಆ ಸಂಗೀತವನ್ನು ಪಾತ್ರೆ ಸದ್ದಿನ ಸಂದಿಯಲ್ಲಿ, ಬಾಗಿಲಿನ ಆಚೆ, ತುಂಡುತುಂಡಾಗಿ ಕೇಳಿದ್ದ ಮಾಮನಿಗೆ ಅದಕ್ಕೊಂದು ಮೊದಲು, ಒಂದು ಕೊನೆ ಇದೆಯೆಂದು ಅಂದೇ ಗೊತ್ತಾದದ್ದು. ಕೊನೆಯ ಸ್ವರ ಕೋಣೆಯಲ್ಲಿ ಕರಗುವ ಹೊತ್ತಿಗೆ ಅವನ ಕಾಲು ಜೋಮು ಹಿಡಿದಿತ್ತು. ಕಣ್ಣಲ್ಲಿ ನೀರಿತ್ತು. ಅದು ಕಾಲಿನ ನೋವಿಗೆ ಅಂತ ಅವನು ಆಮೇಲೆ ಹೇಳಿಕೊಂಡ. ಹೊರಗೆ ಗುಜರಿಯವನು ಕೂಗು ಮರೆತು ತಳ್ಳುಗಾಡಿ ತಳ್ಳಿಕೊಂಡು ಹೋದ.

ಮೂರು ಗಂಟೆಗೆ ಕಳಿಸಿದರು. ಮೂರೂಮುಕ್ಕಾಲಿಗೆ ಸಂಗೀತದ ಮೇಡಂ ಫೋನು ಮಾಡಿದರು.

"ಹುಡುಗಿ ಚೆನ್ನಾಗಿ ನುಡಿಸಿದಾಳೆ. ಆದ್ರೆ ಕ್ಷಮಿಸಿ, ಇದನ್ನ ತಗೊಳ್ಳೋಕಾಗಲ್ಲ. ಸ್ಟುಡಿಯೋದಲ್ಲಿ ಮಾಡಿಸಿದ್ದು ಬೇಡ ಅಂತ ಹೇಳಿದ್ವಲ್ಲ?"

"ಸ್ಟುಡಿಯೋ? ಮೇಡಂ, ಇದು ನಮ್ಮ ಮನೆಯ ಹಾಲ್!"

"ಸಾರ್, ಹದಿನೆಂಟು ವರ್ಷದಿಂದ ನಾನು ಜನರ ಮನೆಗಳಲ್ಲಿ ಮಾಡಿದ ರೆಕಾರ್ಡಿಂಗೇ ಕೇಳ್ತಿದೀನಿ. ಒಂದು ಬಾಗಿಲು ಕಿರ್ ಅನ್ನಲ್ಲ, ಒಬ್ಬರು ಕೆಮ್ಮಲ್ಲ, ಗಡಿಯಾರ ಕೂಡ ಇಲ್ಲ. ಮನುಷ್ಯರಿರೋ ಮನೆ ಹೀಗಿರುತ್ತಾ? ಐದರೊಳಗೆ ಮನೆಯದ್ದು ಕಳಿಸಿ, ಕೇಳ್ತೀನಿ."

ಮಾಮ ಎದ್ದುಬಿದ್ದು ಮೇಲಕ್ಕೆ ಓಡಿದ.

"ಮೇಡಂ, ಬೇಗ ಕುಕ್ಕರ್ ಇಡಿ. ಕೂಗಿಸಿ!"

ಹೆಡ್‌ಮೇಡಂ ತಣ್ಣಗಿನ ಊಟ ಮಾಡುತ್ತಿದ್ದರು. ಅವನನ್ನು ಅಕ್ಕರೆಯಿಂದ ನೋಡಿದರು. "ಸಂಕೋಚ ಪಟ್ಕೋಬೇಡಿ, ಅಂಚೆಯವರೇ. ಐದರ ತನಕ ಒಲೆ ಹಚ್ಚಲ್ಲ. ಮಗು ಭವಿಷ್ಯ ಮುಖ್ಯ."

"ಈಗ ಸದ್ದೇ ಬೇಕು, ಮೇಡಂ!"

"ಪಾಪ, ಬೆಳಗಿಂದ ಏನೂ ತಿಂದಿಲ್ಲ ನೀವು," ಅಂದು ಬಾಗಿಲು ಸದ್ದಾಗದಂತೆ ಮುಚ್ಚಿಕೊಂಡರು.

ಉದ್ಯಾನದಿಂದ ಆಗತಾನೇ ಮರಳಿದ ಬಡಗಿ ಸುತ್ತಿಗೆಗೆ ಬಟ್ಟೆ ಸುತ್ತಿ, ಕೂಸಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ತಟ್ಟುತ್ತಿದ್ದ. ಅವನೂ ಒಪ್ಪಲಿಲ್ಲ. ಅಜ್ಜಿಯಂತೂ ಮಾಮನ ಮಾತು ಮುಗಿಯುವ ಮೊದಲೇ ತುಟಿಗೆ ಬೆರಳಿಟ್ಟು ಮಲಗಿದ ಕೂಸನ್ನು ತೋರಿಸಿದರು. ಕಟ್ಟಿದಂದಿನಿಂದ ಗಿಜಿಗುಟ್ಟುತ್ತಿದ್ದ ಕಟ್ಟಡ ಮಾಮನ ಮೇಲಿನ ಪ್ರೀತಿಯಿಂದ ಉಸಿರು ಬಿಗಿಹಿಡಿದು ಕೂತಿತ್ತು.

ಗಂಟೆ ನಾಲ್ಕೂವರೆ. ಮಾಮ ಅಡುಗೆಮನೆಗೆ ನುಗ್ಗಿ ಒಂದು ತಟ್ಟೆ, ಒಂದು ಸೌಟು ತಂದ. "ನೀನು ನುಡಿಸು, ಪುಟ್ಟಿ. ಏನೇ ಆದ್ರೂ ನಿಲ್ಲಿಸ್ಬೇಡ."

ಅವಳು ಶುರು ಮಾಡಿದಳು. ಅವನೂ ಶುರು ಮಾಡಿದ. ತಟ್ಟೆ ಬಡಿದ, ಬಾಗಿಲು ತೆರೆದು ಹಾಕಿದ, ಕುರ್ಚಿ ಎಳೆದ, ಕೆಮ್ಮಿದ. ಅರ್ಧ ನಿಮಿಷ ಕಳೆಯುವುದರೊಳಗೆ ಕಟ್ಟಡ ಎದ್ದು ಬಂತು.

"ಯಾರ್ರೀ ಅದು ಗಲಾಟೆ? ಮಗು ನುಡಿಸ್ತಿದೆ!" ಹೆಡ್‌ಮೇಡಂ ಬಾಗಿಲು ಗುದ್ದಿದರು.

"ಶ್! ಅಂಚೆಯವರೇ! ಶ್!" ಬಡಗಿ ಗೋಡೆಗೆ ಸುತ್ತಿಗೆಯಲ್ಲೇ ಬಡಿದ. ಬಟ್ಟೆ ಎಲ್ಲೋ ಬಿದ್ದುಹೋಗಿತ್ತು.

"ಈ ಮನುಷ್ಯನಿಗೆ ಏನಾಯ್ತೇ!" ಅಂದರು ಅಜ್ಜಿ. ಎಚ್ಚರವಾದ ಕೂಸು ತನ್ನ ಪಾಲು ಸೇರಿಸಿತು.

ಪುಟ್ಟಿ ನಗು ತಡೆಯಲಾರದೆ ಕೆನ್ನೆ ಕೆಂಪು ಮಾಡಿಕೊಂಡರೂ ಕಮಾನು ಬಿಡಲಿಲ್ಲ. ಎಲ್ಲರ ಕೂಗಿನ ಮೇಲೆ ಪಿಟೀಲು ತನ್ನ ಪಾಡಿಗೆ ಹೋಗುತ್ತಲೇ ಇತ್ತು. ಮೊದಲಿನದಕ್ಕಿಂತ ಇದೇ ಚೆನ್ನಾಗಿತ್ತು. ಸಂಗೀತ ತಿಳಿಯದ ಮಾಮನಿಗೂ ಅದು ಗೊತ್ತಾಯಿತು.

ಐದಕ್ಕೆ ಹತ್ತು ನಿಮಿಷವಿರುವಾಗ ಕಳಿಸಿದರು. ಆಮೇಲೆ ಬಾಗಿಲು ತೆರೆದು ಮಾಮ ಎಲ್ಲರಿಗೂ ವಿಷಯ ಬಿಡಿಸಿ ಹೇಳಿದ. ಎಲ್ಲರೂ ಹಾಲ್‌ನಲ್ಲೇ ಕಾದು ಕೂತರು. ಐದೂವರೆಗೆ ಫೋನು ಬಂತು. ಪುಟ್ಟಿ ಎಲ್ಲರಿಗೂ ಕೇಳುವಂತೆ ಇಟ್ಟಳು.

"ಹುಡುಗಿನ ತಗೊಂಡಿದೀವಿ," ಅಂದರು ಸಂಗೀತದ ಮೇಡಂ. "ಇಂಥ ಗದ್ದಲದಲ್ಲೂ ಒಂದು ಸ್ವರ ಜಾರಲಿಲ್ಲ."

ಬಡಗಿ ಶಿಳ್ಳೆ ಹಾಕಿದ. ಹೆಡ್‌ಮೇಡಂ ಪುಟ್ಟಿಯ ಕೆನ್ನೆ ಸವರಿದರು. ಮಾಮ ಅವಳ ತಲೆಯ ಮೇಲೆ ಕೈಯಿಟ್ಟ.

"ಇನ್ನೊಂದು ಮಾತು ಸಾರ್," ಅಂದಿತು ಫೋನು. "ನಾಳೆಯಿಂದ ಬೆಳಿಗ್ಗೆ ಎರಡು ಗಂಟೆ, ಸಂಜೆ ಮೂರು ಗಂಟೆ ಅಭ್ಯಾಸ ಇಲ್ಲೇ. ಪಿಟೀಲೂ ಇಲ್ಲೇ ಇರುತ್ತೆ. ನಮ್ಮ ಅಭ್ಯಾಸದ ಕೋಣೆಗಳಿಂದ ಒಂದು ಚೂರು ಸದ್ದೂ ಆಚೆ ಬರಲ್ಲ. ಮೂರು ವರ್ಷ ನಿಮಗೇನೂ ತೊಂದರೆ ಇಲ್ಲ."

ಮಾಮನ ಕೈ ಪುಟ್ಟಿಯ ತಲೆಯ ಮೇಲೇ ಉಳಿಯಿತು. "ಮೇಡಂ, ಅವಳು ಮನೇಲೇ ಅಭ್ಯಾಸ ಮಾಡ್ಬಹುದು. ನಮ್ಮನೆ ತುಂಬಾ ನಿಶ್ಶಬ್ದ. ನೀವೇ ಕೇಳಿದ್ರಲ್ಲ, ಮೊದಲು ಕಳಿಸಿದ್ದು..."

"ಎರಡನೇದನ್ನೂ ಕೇಳಿದೆ, ಸಾರ್. ಸಾಮಾನ್ಯವಾಗಿ ಮಕ್ಕಳು ಮನೇಲೇ ಅಭ್ಯಾಸ ಮಾಡ್ಲಿ ಅಂತೀವಿ. ನಿಮ್ಮನೆ ಕೇಳಿದ ಮೇಲೆ ಇವಳಿಗೊಬ್ಬಳಿಗೆ ಕೋಣೆ ಕೊಡ್ಲೇಬೇಕು ಅಂತ ಇಲ್ಲಿ ಎಲ್ಲರೂ ಒಪ್ಪಿದ್ರು."

ಫೋನು ನಿಂತಿತು. ಪುಟ್ಟಿ ಮಾಮನ ತೋಳು ಹಿಡಿದುಕೊಂಡು, "ರಾತ್ರಿ ಊಟಕ್ಕೆ ಬಂದುಬಿಡ್ತೀನಿ ಮಾಮ," ಅಂದಳು.

"ಹೂಂ. ಬಾ," ಅಂದ ಮಾಮ.

"ಅಂದ್ರೆ ಇನ್ನು ಇಲ್ಲಿ ಪಿಟೀಲೇ ಕೇಳಿಸಲ್ವಾ?" ಅಂದರು ಹೆಡ್‌ಮೇಡಂ. ಸಂಗೀತವನ್ನು ಓದುತ್ತಾರಾ ಎಂದು ಬೆಳಿಗ್ಗೆ ಕೇಳಿದ್ದವರ ದನಿ ಸಣ್ಣಗಾಗಿತ್ತು. "ಇಷ್ಟು ದಿನ ನಾನು ಸಂಜೆ ಕಿಟಕಿ ತೆಗೆದು ಕೂರ್ತಿದ್ದೆ. ಯಾರಿಗೂ ಹೇಳಿರಲಿಲ್ಲ, ಅಷ್ಟೇ." ಆಮೇಲೆ ಅವರಿಗೆ ಶಾಲೆಯ ದನಿ ಮರಳಿ ಬಂತು. "ಅಷ್ಟೊಂದು ಗಲಾಟೆ ಮಾಡಿ ಇದನ್ನ ಹಾಳು ಮಾಡಿದ್ದು ಯಾರು?"

ಬಡಗಿ, ಅಜ್ಜಿ, ಅಜ್ಜಿಯ ಹೆಗಲ ಮೇಲಿನ ಕೂಸು, ಎಲ್ಲರೂ ಮಾಮನ ಕಡೆ ತಿರುಗಿದರು. ಅವನ ಕೈಯಲ್ಲಿ ಇನ್ನೂ ಸೌಟಿತ್ತು.