ತಾತನ ಜೀಪಿಗೆ ದೊಡ್ಡ ಟೈರು

ಬನ್ರವ್ವಾ, ಈ ಚಾಪೆ ಮೇಲೆ ಕಾಲು ಚಾಚ್ಕೊಂಡು ಕೂತ್ಕಳಿ. ಅವರೆಕಾಯಿ ಸುಲೀತಾ ಕೇಳ್ತೀರೋ, ಸುಮ್ನೆ ಕೇಳ್ತೀರೋ ನಿಮ್ಮಿಷ್ಟ. ನಾನಂತೂ ಬಾಯಿ ಮುಚ್ಚೋಳಲ್ಲ. ನಮ್ಮನೇಲಿ ನಗ್ಸೋಕೆ ಅಂತ ಯಾರೂ ಏನೂ ಮಾಡಲ್ಲ. ಎಲ್ಲಾರೂ ಬಲು ಯೋಚ್ನೆ ಮಾಡೇ ಮಾಡ್ತಾರೆ, ಆಮೇಲೆ ಊರು ನಗ್ತದೆ. ಯಾವಾಗ್ಲೂ ಇದೇ ಆಯ್ತು.

ನಮ್ಮೂರು ಬೇರಿಕೆ ಪಕ್ಕ, ಹೊಸೂರು ಸೀಮೆ, ತಮಿಳ್ನಾಡಿಗೆ ಸೇರಿದ್ದು. ನಮ್ಮ ಯಜಮಾನ್ರ ಹತ್ರ ಒಂದು ಹಳೇ ಜೀಪು. ಟೊಮೇಟೊ ಹೊತ್ತಿದ್ದೂ ಅದೇ, ನನ್ನ ಹೆರಿಗೆಗೆ ಕರ್ಕೊಂಡೋಗಿದ್ದೂ ಅದೇ. ಈಗ ಅವರಿಗೆ ಮಂಡಿ ಹಿಡ್ಕಂಡದೆ. ಆದ್ರೂ ದಿನಾ ಒಂದು ಸುತ್ತು ಜೀಪು ಓಡಿಸ್ದಿದ್ರೆ ಗಂಟ್ಲಲ್ಲಿ ಮುದ್ದೆ ಇಳಿಯಾಕಿಲ್ಲ.

ಮೊಮ್ಮಗ ಹೊಸೂರಲ್ಲಿ ಫ್ಯಾಕ್ಟರಿ ಕೆಲ್ಸಕ್ಕೆ ಹೋಗ್ತಾನೆ. ತಾತ ಅಂದ್ರೆ ಪ್ರಾಣ. "ತಾತಾ, ನಿನ್ ಜೀಪ್ನ ಸಿಂಹ ಮಾಡ್ಕೊಡ್ತೀನಿ" ಅಂತ ತಗೊಂಡೋದೋನು, ವಾಪಸ್ ತಂದಾಗ ನಮಗೇ ಗುರುತು ಸಿಗ್ಲಿಲ್ಲ. ಟೈರು ಒಂದೊಂದೂ ಬೀಸೋಕಲ್ಲಿನ ಅಪ್ಪನಂಗವೆ. ಒಳಗಡೆ ಸ್ಪೇಸರ್ ಅಂತ ದಪ್ಪ ಬಿಲ್ಲೆ ಕೂರ್ಸವ್ನೆ, ಅದಕ್ಕೆ ನಾಕು ಚಕ್ರನೂ ಆಚೆ ಬಂದು ನಿಂತವೆ. ಜೀಪಿನ ಮೈನೂ ಮೇಲಕ್ಕೆತ್ತವ್ನೆ.

"ಯಾಕ್ಲಾ ಇಂಗೆ?" ಅಂದೆ.

"ಅಗಲವಾಗಿ ನಿಂತ್ಕಂಡ್ರೆ ಮಗುಚಲ್ಲ ಅಜ್ಜಿ."

"ನಿಮ್ತಾತ ಬಾಡೂಟಕ್ಕೆ ಕೂತಂಗೆ ಅನ್ನು."

ನಿಂಬೆಹಣ್ಣು

ಹೊಸ ಟೈರಿಗೆ ಪೂಜೆ ಆಗ್ಬೇಕಲ್ಲ. ಪೂಜಾರಪ್ಪ ನಾಕು ಚಕ್ರದ ಮುಂದೂ ನಿಂಬೆಹಣ್ಣಿಟ್ಟು, ತಟ್ಟೆ ಹಿಡ್ಕಂಡು ಹಿಂದೆ ನಿಂತ್ರು. "ಬಿಡಪ್ಪಾ ಮುಂದಕ್ಕೆ!"

ಪಟ್, ಪಟ್, ಪಟ್. ನಾಕನೇದು ಸದ್ದಿಲ್ಲ. ನೋಡಿದ್ರೆ ನೆಲದ ಮೇಲೂ ಇಲ್ಲ. ಆ ಟೈರಿನ ಗಂಟುಗಂಟಿನ ನಡುವೆ ಹಳ್ಳ ಇದ್ದವಲ್ಲ, ಅದ್ರಲ್ಲಿ ಹಣ್ಣು ತೊಟ್ಲಲ್ಲಿ ಮಲಗ್ದಂಗೆ ಮಲಗ್ಬುಟ್ಟದೆ. ಮೊಮ್ಮಗ ಜೋರಾಗಿ ಬಿಟ್ಟ ನೋಡಿ, ಹಿಂದಕ್ಕೆ ಹಾರಿ ಬಂದು ಪೂಜಾರಪ್ಪನ ತಟ್ಟೆಗೆ ಟಣ್ ಅಂತು!

ನಮಗೆಲ್ಲಾ ಎದೆ ಧಸಕ್ ಅಂತು, ಏನ್ ಅಪಶಕುನವೋ ಅಂತ. ಪೂಜಾರಪ್ಪ ಹಣ್ಣು ತಿರುಗಿಸಿ ತಿರುಗಿಸಿ ನೋಡಿ ಚೀಲಕ್ಕೆ ಹಾಕ್ಕಂಡು, "ಒಂದು ಗೀರೂ ಬಿದ್ದಿಲ್ಲ. ನಾಳೆ ಚಿತ್ರಾನ್ನಕ್ಕಾಯ್ತು" ಅಂದ್ರು.

ಬಾಯಿ ಬಿಡದ ಮಾತು

ಮಾರ್ನೇ ದಿನ ಯಜಮಾನ್ರು ಜೀಪಿನ ಹತ್ರ ಹೋಗಿ ಕಾಲೆತ್ತಿದ್ರು. ಮೆಟ್ಲಿಗೆ ಎಟುಕ್ಲಿಲ್ಲ. ಇನ್ನೊಂದ್ಸಲ ಎತ್ತಿದ್ರು. ಮಂಡಿ ಒಪ್ಲಿಲ್ಲ. ಅತ್ಲಾಗಿತ್ಲಾಗಿ ನೋಡಿ, "ಆಯಿಲ್ ನೋಡ್ಬೇಕು" ಅಂತ ಸುಮ್ನೆ ಬಂದ್ಬುಟ್ರು. ಅದರ ಮಾರ್ನೇ ದಿನ, "ಇವತ್ತು ತೆಂಕಲ ದಿಕ್ಕು ಒಳ್ಳೇದಲ್ಲ." ಆಮೇಲೊಂದು ದಿನ, "ಬಿಸ್ಲು ಜಾಸ್ತಿ."

"ಹತ್ತೋಕಾಗ್ತಿಲ್ಲ ಅಂತ ಹುಡುಗಂಗೆ ಹೇಳ್ಬಾರ್ದಾ?" ಅಂದೆ.

"ಲೇ, ಆಸೆಪಟ್ಟು ಮಾಡವ್ನೆ. ಅವನ ಮುಂದೆ ಬಾಯಿ ಬಿಟ್ಟೀಯ, ನೋಡು!"

ಮೊಮ್ಮಗನೋ, ತಾತ ಜೀಪು ನೋಡಿ ಮೈಮರ್ತವ್ನೆ ಅಂದ್ಕಂಡ. ಇವರು ದಿನಾ ಬಟ್ಟೇಲಿ ಅದನ್ನ ಒರ್ಸೋದು, ಆಮೇಲೆ ಜಗಲಿ ಮೇಲೆ ಕೂತು ಸಂಜೆತಂಕ ಅದನ್ನೇ ನೋಡೋದು. ಮದ್ವೆ ಆದ ಹೊಸ್ತರಲ್ಲೂ ನನ್ನ ಅಷ್ಟೊತ್ತು ನೋಡಿರ್ಲಿಲ್ಲ ಬಿಡಿ.

ಬೀಗರ ಪಂಚೆ

ಅಷ್ಟೊತ್ಗೆ ಮಳೆ ಹಿಡೀತು. ಗುಮ್ಮಳಾಪುರದಿಂದ ನಮ್ಮ ಮಗಳ ಮಾವ, ನಮ್ಮ ಬೀಗರು, ಬಿಳೀ ಪಂಚೆ ಉಟ್ಕಂಡು, ಬಸ್ ಇಳ್ದು ರಸ್ತೆ ಬದೀಲಿ ನಡ್ಕಂಡು ಬತ್ತಾವ್ರೆ. ಎದುರಿಗೆ ಮೊಮ್ಮಗನ ಸಿಂಹ. ಚಕ್ರ ಮಡ್‌ಗಾರ್ಡಿಂದ ಆಚೆ ನಿಂತದಲ್ಲ, ಕೆಸರ್ನ ತಡೆಯೋರ್ಯಾರು? ಪಚಕ್ ಅಂತು. ಎಡಗಡೆ ಭುಜದಿಂದ ಪಾದದವರ್ಗೂ ಕೆಮ್ಮಣ್ಣು.

ಮೊಮ್ಮಗನಿಗೆ ಜೀವ ಹೋದಂಗಾಗಿ, ತಪ್ಪಾಯ್ತು ಅನ್ನೋಕೆ ರಿವರ್ಸ್ ತಗೊಂಡ. ಪಾಪ, ಬೀಗರು ಅಷ್ಟೊತ್ಗೆ ಈ ಕಡೆ ತಿರುಗಿ ನಿಂತಿದ್ರು. ಬಲಗಡೆನೂ ಪಚಕ್.

ಬೀಗರು ದೊಡ್ಡ ಮನುಷ್ರು, ಒಂದ್ಮಾತು ಬಯ್ಲಿಲ್ಲ. "ಸಾಕು ಕಣಪ್ಪಾ, ಈಗ ಎರ್ಡೂ ಕಡೆ ಸಮ ಆಯ್ತು" ಅಂದ್ರು.

ತಿರುಗದ ಜೀಪು

ಹೊಸೂರಲ್ಲಿ ನೆಂಟರ ಮನೆ ಗೃಹಪ್ರವೇಶ. ಮೊಮ್ಮಗ ಅವರಮ್ಮನ್ನ, ಅಂದ್ರೆ ನನ್ ಸೊಸೇನ, ಕೂರಿಸ್ಕಂಡು ಹೊರಟ. ತಿರುಗ್ಬೇಕಾದ ಜಾಗ್ದಲ್ಲಿ ಸ್ಟೇರಿಂಗ್ ಪೂರ್ತಿ ತಿರ್ಗಿಸಿದ್ರೆ ದೊಡ್ಡ ಟೈರು ಮಡ್‌ಗಾರ್ಡಿಗೆ ಗರ್ರ್ ಅಂತ ಉಜ್ತದೆ, ತಿರುಗಾಕಿಲ್ಲ. ಹಿಂದೆ ಲಾರಿಗಳು ಹಾರ್ನ್ ಮೇಲೆ ಹಾರ್ನ್. ನೆಟ್ಟಗೆ ಹೋದ. ಮುಂದಿನ ತಿರುವಲ್ಲೂ ಗರ್ರ್. ಇನ್ನೂ ನೆಟ್ಟಗೆ. ಗಡಿ ಜೂಜುವಾಡಿನೂ ಬಂತು, ದಾಟಿದ್ರೆ ಅತ್ತಿಬೆಲೆ, ಕರ್ನಾಟಕ. ಸೊಸೆ ತವರು ಅಲ್ಲೇ.

ಅವಳು ಕಣ್ಣೊರೆಸ್ಕಂಡು ಅಂದ್ಳಂತೆ, "ನಿಮ್ಮಪ್ಪನ್ನ ಎಷ್ಟು ದಿನದಿಂದ ಕೇಳ್ಕಂಡೆ, ತವರಿಗೆ ಬಿಡ್ರಿ ಅಂತ. ಕೊನೆಗೆ ಜೀಪಿಗೇ ಕರುಣೆ ಬಂತು."

ವೇದಿಕೆ

ಒಂದು ದಿನ ಮೊಮ್ಮಗ ಜೀಪ್ನ ಜಗಲಿಗೆ ಒತ್ತಿ ನಿಲ್ಸಿ, ಫ್ಯಾಕ್ಟರಿ ಬಸ್ ಹತ್ಕಂಡು ಹೋಗ್ಬುಟ್ಟ. ಯಜಮಾನ್ರು ಜಗಲೀನ ನೋಡಿದ್ರು, ಜೀಪ್ನ ನೋಡಿದ್ರು. ಎರ್ಡೂ ಒಂದೇ ಎತ್ತರ! ಎದ್ದೋರೇ ಒಂದು ಹೆಜ್ಜೆ ಇಟ್ರು, ಸೀಟಲ್ಲಿ ಕೂತ್ರು. "ಬಾರೇ!" ಅಂದ್ರು. ನಾನೂ ಅಂಗೇ ಹತ್ಕಂಡೆ. ಎಷ್ಟು ದಿನ ಆಗಿತ್ತೋ ಆ ಮುಖ ಅರಳಿ!

ಬೇರಿಕೆ ಸಂತೆ ತಲುಪಿದ್ವಿ. ಯಜಮಾನ್ರು ಕೆಳಗೆ ಬಗ್ಗಿ ನೋಡಿದ್ರು. ನಾನೂ ನೋಡ್ದೆ. ಬಾವಿ ನೋಡ್ದಂಗಾಯ್ತು.

"ಇಳೀರಿ."

"ನೀನಿಳಿ ಮೊದ್ಲು."

ಯಾರೂ ಇಳೀಲಿಲ್ಲ. ತರಕಾರಿ ಮೇಲಕ್ಕೇ ತರಿಸ್ಕಂಡ್ವಿ, ಕಾಫಿನೂ ಮೇಲಕ್ಕೇ. ಗುರ್ತದೋರು ಬಂದು, "ಯಾಕಣ್ಣಾ, ಕೈ ಹಿಡೀಲಾ, ಇಳೀತೀಯಾ?" ಅಂದ್ರೆ, "ಅರ್ಜೆಂಟದೆ ಕಣಪ್ಪಾ, ಇಳಿಯಂಗಿಲ್ಲ" ಅಂತ ಅಲ್ಲೇ ಮಧ್ಯಾಹ್ನ ಮಾಡಿದ್ರು.

ಆಮೇಲೆ ಕಾಫಿ ತನ್ನ ಕೆಲ್ಸ ಶುರು ಮಾಡ್ತು. ಯಜಮಾನ್ರ ಮುಖ ಹುಳ್ಳಗಾಯ್ತು. ಮನೆತಂಕ ತಡೆಯಂಗಿಲ್ಲ. ಜೀಪು ಬಿಟ್ರು ನೋಡಿ, ಜಗಲಿ ಎತ್ತರದ್ದು ಏನಾದ್ರೂ ಸಿಗ್ತದಾ ಅಂತ. ಎಲ್ಲಾ ಅಂಗಡಿ ಮುಂದೂ ಬೈಕು. ಊರಾಚೆ ಮೈದಾನದಲ್ಲಿ ಶಾಮಿಯಾನ, ಯಾವ್ದೋ ಸಭೆ, ಹಲಗೆ ವೇದಿಕೆ. ಯಜಮಾನ್ರು ಸೀದಾ ಒತ್ತಿ ನಿಲ್ಸಿ, ಒಂದೇ ಹೆಜ್ಜೆಗೆ ವೇದಿಕೆ ಮೇಲೆ!

ಅವರು ಯಾರೋ ಅತಿಥಿಗೆ ಕಾಯ್ತಿದ್ರಂತೆ. ಅಷ್ಟೆತ್ತರದ ಜೀಪು, ಬಿಳೀ ಪಂಚೆ, ಬಿಳೀ ಮೀಸೆ. "ವಾಂಗ ಅಯ್ಯಾ, ವಾಂಗ!" ಅಂತ ಓಡ್ಬಂದು ಶಾಲು ಹೊದ್ಸಿ, ಕೈಗೆ ಮೈಕ್ ಕೊಟ್ರು. ಜನ ಚಪ್ಪಾಳೆ.

ಯಜಮಾನ್ರು ಕಾಲು ಸೇರ್ಸಿ ನಿಂತು, "ಎಲ್ಲಾರೂ ಚೆನ್ನಾಗಿರಿ. ಈಗ ನನಗಿರೋದು ಒಂದೇ ಕೋರಿಕೆ. ಬಾತ್‌ರೂಮು ಯಾವ ಕಡೆ?" ಅಂದ್ರು. ಮೈಕಲ್ಲಿ! ಮುಂದ್ಲ ಸಾಲಿನ ಹೆಂಗಸ್ರೆಲ್ಲಾ ಒಟ್ಟಿಗೆ ಕೈ ತೋರ್ಸಿದ್ರು.

ಯಾರೋ ಅದನ್ನ ಫೋನಲ್ಲಿ ಹಿಡಿದು ಎಲ್ಲಾರಿಗೂ ಕಳಿಸವ್ರೆ, ಟೀ ಹೊತ್ಗೆ ಫ್ಯಾಕ್ಟರೀಲಿ ಮೊಮ್ಮಗನೇ ನೋಡ್ಬುಟ್ಟವ್ನೆ. ಸಂಜೆ ಬಂದು ನನ್ನ ಕೇಳಿ ಎಲ್ಲಾ ತಿಳ್ಕಂಡು, ತಾತನ ಕಾಲತ್ರ ಕೂತ. "ಹತ್ತೋಕಾಗಲ್ಲ ಅಂತ ಯಾಕ್ ತಾತಾ ಹೇಳ್ಲಿಲ್ಲ?"

"ಸಿಂಹ ಚೆನ್ನಾಗೇ ಅದೆ ಕಣ್ಲಾ. ನಾನೇ ಕುಳ್ಳಾಗಿವ್ನಿ."

ಆ ವಾರವೇ ಸ್ಪೇಸರ್ ಬಿಚ್ಚಿ, ಜೀಪಿನ ಮೈ ಇಳ್ಸಿ, ಹಳೇ ಟೈರು ಹಾಕ್ಸಿದ. ದೊಡ್ಡ ಟೈರ್ಗಳ್ನ ಒಬ್ಬ ಸ್ನೇಹಿತನಿಗೆ ಕೊಟ್ಟ. ಅವರ ಮನೇಲಿ ತಾತ ಇಲ್ಲ ಅಂತ ವಿಚಾರಿಸ್ಕಂಡೇ ಕೊಟ್ಟ. ಪೂಜಾರಪ್ಪ ಈಗ ಟೈರಿನ ಹಳ್ಳ ಮುಟ್ಟಿ ನೋಡೇ ಹಣ್ಣಿಡೋದು. ಬೀಗರು ನಮ್ಮೂರಿಗೆ ಬರೋಕಂತಲೇ ಕೆಮ್ಮಣ್ಣು ಬಣ್ಣದ ಲುಂಗಿ ಮಡಗವ್ರೆ. ಸೊಸೆ ಬಸ್ಸಲ್ಲೇ ತವರಿಗೆ ಹೋಗಿ ಬರೋದು ಕಲ್ತ್ಲು. ನಿಜವಾದ ಅತಿಥಿ ಅವತ್ತು ತಡವಾಗಿ ಬಂದು ಅದೆಷ್ಟೊತ್ತು ಮಾತಾಡಿದ್ರೋ, ಜನ ಮಾತ್ರ ಮೊದ್ಲು ಬಂದೋರೇ ವಾಸಿ ಅಂದ್ರಂತೆ.

ಯಜಮಾನ್ರು ದಿನಾ ಜೀಪು ಓಡಿಸ್ತಾರೆ. ಸಂತೇಲಿ ತಾವೇ ಇಳೀತಾರೆ, ಇಳಿದ್ಮೇಲೆ ಹರಟೆಗೆ ನಿಂತ್ರೆ ಹತ್ತೋ ಮಾತೇ ಇಲ್ಲ. ನಾನೀಗ ಹಾರ್ನ್ ಒತ್ತೋದು ಕಲ್ತಿವ್ನಿ.