ನೂರಿಪ್ಪತ್ತು ಬೈ ಎಂಬತ್ತು

ಮೇಷ್ಟರು ಪಾಠ ಮುಗಿಸಿ "ಎಲ್ಲರಿಗೂ ಅರ್ಥ ಆಯ್ತಾ?" ಎಂದು ಕೇಳಿದಾಗ "ಆಯ್ತು ಸಾರ್" ಎಂದು ಕೂಗುವವರ ಪೈಕಿ ನಾನು ಚಿಕ್ಕಂದಿನಿಂದಲೂ ಮೊದಲ ಸಾಲಿನವನು. ಅರ್ಥವಾಗದಿದ್ದಷ್ಟೂ ಜೋರಾಗಿ ಕೂಗುತ್ತಿದ್ದೆ. ಅರ್ಥವಾಗಲಿಲ್ಲ ಎಂದು ಎದ್ದು ನಿಂತವನನ್ನು ಇಡೀ ತರಗತಿ ತಿರುಗಿ ನೋಡುತ್ತದೆಯಲ್ಲ, ಆ ನೋಟಕ್ಕೆ ಹೆದರಿ ಭಿನ್ನರಾಶಿ, ಸಂಧಿ, ಸಮಾಸ, ಟೈಪ್‌ರೈಟಿಂಗ್ ಎಲ್ಲವನ್ನೂ ಹೀಗೆಯೇ ದಾಟಿಕೊಂಡು ಬಂದೆ. ಅದರಿಂದ ಯಾರಿಗೂ ಕೇಡಾಗಲಿಲ್ಲ. ನಾನು ಸಂಧಿ ಬಿಡಿಸಲಾರದೆ ಹೋದರೆ ಇನ್ನೊಬ್ಬನಿಗೆ ತಲೆ ಸುತ್ತು ಬರುವುದಿಲ್ಲ. ಆದರೆ ಅದೇ ಚಾಳಿಯನ್ನು ವೈದ್ಯಕೀಯ ಸಹಾಯಕನ ತರಬೇತಿಗೂ ಹೊತ್ತುಕೊಂಡು ಹೋದೆ. ಆ ಕಥೆಯನ್ನು ಈವರೆಗೆ ಬೆರಳೆಣಿಕೆಯ ಜನಕ್ಕೆ ಹೇಳಿದ್ದೇನೆ. ನೀವೂ ಕೇಳಿ, ಆದರೆ ದಯವಿಟ್ಟು ನಮ್ಮೂರು ಹೂಡಿಯ ಕಡೆಯವರ ಕಿವಿಗೆ ಹಾಕಬೇಡಿ.

ಇದು ಎಪ್ಪತ್ತರ ದಶಕದ ಮಾತು. ನಮ್ಮ ತಂದೆ ವೈಟ್‌ಫೀಲ್ಡ್ ಕಡೆಯ ಒಂದು ಸರ್ಕಾರಿ ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದರು. ಕಾರ್ಖಾನೆಯ ಡಿಸ್ಪೆನ್ಸರಿಗೆ ಒಬ್ಬ ಸಹಾಯಕ ಬೇಕಂತೆ, ಸರ್ಟಿಫಿಕೇಟ್ ಇದ್ದವರಿಗೆ ಮಾತ್ರವಂತೆ ಎಂಬ ಸುದ್ದಿ ತಂದವರು ಅವರೇ. ಮಾರನೆಯ ವಾರವೇ ನನ್ನನ್ನು ಒಂದು ತರಬೇತಿ ಶಾಲೆಗೆ ಸೇರಿಸಿದರು. ಆರು ತಿಂಗಳ ಕೋರ್ಸು. ಶಾಲೆ ಮಹಡಿಯ ಮೇಲೆ, ಕೆಳಗಡೆ ಮರ ಕೊಯ್ಯುವ ಮಿಲ್ಲು. ಸೂಜಿ ಕುದಿಸುವುದು, ಗಾಯ ತೊಳೆಯುವುದು, ಬ್ಯಾಂಡೇಜು ಸುತ್ತುವುದು, ಇವೆಲ್ಲ ನನಗೆ ಚೆನ್ನಾಗಿಯೇ ಬಂತು. ನನ್ನ ಬ್ಯಾಂಡೇಜಂತೂ ಬಿಚ್ಚಲು ಮನಸ್ಸು ಬಾರದಷ್ಟು ಅಂದವಾಗಿರುತ್ತಿತ್ತು. ಎಡವಿದ್ದು ಬಿಪಿ ಪಾಠದಲ್ಲಿ.

ಹದಿನೆಂಟು ಜನ ವಿದ್ಯಾರ್ಥಿಗಳಿಗೆ ಇದ್ದದ್ದು ಒಂದೇ ಸ್ಟೆತಾಸ್ಕೋಪು. ಒಂದೇ ಕೈ ಕೂಡ; ಅದು ಶಾಲೆಯ ಕಾವಲುಗಾರ ಕೆಂಪಯ್ಯನದು. ಅವನು ಕುರ್ಚಿಯಲ್ಲಿ ಕುಳಿತು ಕೈ ಚಾಚಿ ಆರಾಮಾಗಿ ತೂಕಡಿಸುತ್ತಿದ್ದ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಬೇಕು, ನಿಧಾನವಾಗಿ ಬಿಡಬೇಕು, ಪಾದರಸ ಇಳಿಯುತ್ತಿರುವಾಗ ಟಕ್ ಟಕ್ ಶಬ್ದ ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಎಂದು ಕಿವಿಗೊಟ್ಟು ಕೇಳಬೇಕು. ಮೊದಲನೆಯವನು ಕೇಳಿ "ನೂರಿಪ್ಪತ್ತು ಬೈ ಎಂಬತ್ತು ಸಾರ್" ಅಂದ. ಎರಡನೆಯವನೂ ಅದನ್ನೇ ಅಂದ. ಹನ್ನೊಂದನೆಯವನಾದ ನನ್ನ ಕೈಗೆ ಸ್ಟೆತಾಸ್ಕೋಪು ಬಂದಾಗ ಕೆಳಗಿನ ಮಿಲ್ಲಿನ ಗರಗಸ ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಮೇಷ್ಟರು "ಕೇಳಿಸ್ತೇನ್ರೀ?" ಎಂದರು. "ಕೇಳಿಸ್ತು ಸಾರ್, ನೂರಿಪ್ಪತ್ತು ಬೈ ಎಂಬತ್ತು" ಎಂದು ಹನ್ನೆರಡನೆಯವನಿಗೆ ದಾಟಿಸಿದೆ. ಅಂತಿಮ ಪರೀಕ್ಷೆಯಲ್ಲೂ ಅದೇ ಕೆಂಪಯ್ಯ, ಅದೇ ಕೈ. ನಮ್ಮ ಹಿಂದಿನ ತಂಡದವರೂ ಆ ಕೈಯಿಂದಲೇ ಪಾಸಾಗಿದ್ದರಂತೆ. ನನಗೆ ಬಿಪಿಯಲ್ಲಿ ಪೂರ್ತಿ ಅಂಕ ಬಂತು.

ಸರ್ಟಿಫಿಕೇಟಿಗೆ ಅಪ್ಪ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲೇ ನೇತುಹಾಕಿದರು. ಕೆಲಸ ಸಿಕ್ಕ ಸಂತೋಷಕ್ಕೆ ನನಗೆಂದೇ ಒಂದು ಹೊಸ ಸ್ಟೆತಾಸ್ಕೋಪನ್ನೂ ತಂದುಕೊಟ್ಟರು. ಕೆಲಸಕ್ಕೆ ಸೇರುವ ಮುಂಚೆಯೇ ಆಯುಧಪೂಜೆ ಬಂತು. ಅಮ್ಮ ಈಳಿಗೆಮಣೆ, ಅಪ್ಪನ ಸೈಕಲ್ಲು, ನನ್ನ ಸ್ಟೆತಾಸ್ಕೋಪು ಮೂರನ್ನೂ ಸಾಲಾಗಿಟ್ಟು, ಸ್ಟೆತಾಸ್ಕೋಪಿನ ತುದಿಯ ಅಗಲವಾದ ಬಿಲ್ಲೆಯ ಮೇಲೆ ಗಂಧ ಕುಂಕುಮ ಹಚ್ಚಿ ಹೂವಿಟ್ಟಳು. ಆ ತುದಿಗೆ ಎರಡು ಮುಖಗಳಿರುತ್ತವೆ: ಒಂದು ಅಗಲ, ಇನ್ನೊಂದು ಚಿಕ್ಕದು. ಅಗಲದ ಮುಖವನ್ನು ರೋಗಿಯ ಕೈಗೆ ಒತ್ತಿದರೆ ಅಮ್ಮ ಇಟ್ಟ ಕುಂಕುಮ ಅಳಿಸುತ್ತದೆ, ಅವರ ತೋಳಿಗೂ ಮೆತ್ತುತ್ತದೆ ಎಂದು ನಾನು ಚಿಕ್ಕ ಮುಖದಿಂದಲೇ ಕೇಳಲು ತೊಡಗಿದೆ. ಆ ತುದಿಯನ್ನು ಹಿಡಿದು ತಿರುಗಿಸದಿದ್ದರೆ ಚಿಕ್ಕ ಮುಖಕ್ಕೆ ದಾರಿಯೇ ತೆರೆಯುವುದಿಲ್ಲ ಎಂಬ ಸಂಗತಿ ಹದಿನೆಂಟು ಜನರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ, ನನಗಂತೂ ಗೊತ್ತಿರಲಿಲ್ಲ.

ಹೀಗಾಗಿ ಡಿಸ್ಪೆನ್ಸರಿಯಲ್ಲಿ ನನಗೆ ಏನೂ ಕೇಳಿಸಲಿಲ್ಲ. ಮೊದಲ ದಿನವೇ ಯಾರನ್ನಾದರೂ ಕೇಳಬಹುದಿತ್ತು, ಕೇಳಲಿಲ್ಲ. ಎರಡನೆಯ ದಿನ ಕೇಳಿದರೆ ಮೊದಲ ದಿನದ ಗತಿಯೇನು ಎಂದು ಸುಮ್ಮನಾದೆ. ತಿಂಗಳು ಕಳೆದ ಮೇಲೆ ಕೇಳುವ ಮಾತೇ ಇಲ್ಲ. ಸ್ಟೆತಾಸ್ಕೋಪನ್ನು ಕುತ್ತಿಗೆಗೆ ಹಾಕಿಕೊಂಡೇ ಬಸ್ಸಿನಲ್ಲಿ ಬರುತ್ತಿದ್ದವನು ನಾನು. ಜನ ಎದ್ದು ಜಾಗ ಬಿಡುತ್ತಿದ್ದರು. ಬಂದವರಿಗೆಲ್ಲ ಪಟ್ಟಿ ಸುತ್ತಿ, ಗಾಳಿ ತುಂಬಿ, ಹುಬ್ಬು ಗಂಟಿಕ್ಕಿ, ಪುಸ್ತಕದಲ್ಲಿ ನೂರಿಪ್ಪತ್ತು ಬೈ ಎಂಬತ್ತು ಎಂದು ಬರೆಯುತ್ತಿದ್ದೆ. ಎಲ್ಲರಿಗೂ ಒಂದೇ ಬರೆಯುವುದಕ್ಕೆ ಮನಸ್ಸಾಕ್ಷಿ ಒಪ್ಪದೆ ಆಗಾಗ ನೂರಿಪ್ಪತ್ನಾಲ್ಕು ಬೈ ಎಂಬತ್ತೆರಡು ಎಂದೂ ಬರೆದೆ. ವಾರಕ್ಕೆ ಎರಡು ದಿನ ಬರುತ್ತಿದ್ದ ಡಾಕ್ಟರು ನನ್ನ ದುಂಡಗಿನ ಅಕ್ಷರ ಮೆಚ್ಚಿ ಪುಸ್ತಕಕ್ಕೆ ರುಜು ಹಾಕುತ್ತಿದ್ದರು.

ನನ್ನನ್ನು ಎಲ್ಲರಿಗಿಂತ ಹೆಚ್ಚು ನಂಬಿದವರು ಅಂಜಿನಪ್ಪನವರು. ವರ್ತೂರಿನವರು, ಫಿಟ್ಟರು, ಐವತ್ತರ ಹತ್ತಿರದ ವಯಸ್ಸು. ಬೆಳಗಿನ ಹೊತ್ತು ತಲೆನೋವು, ಕಣ್ಣು ಮಂಜು ಎನ್ನುತ್ತ ಪ್ರತಿ ಸೋಮವಾರ ಬರುತ್ತಿದ್ದರು. ನಾನು ಸಂಖ್ಯೆ ಹೇಳುತ್ತಲೇ ಮುಖ ಅರಳುತ್ತಿತ್ತು. "ನೋಡ್ದಾ ಡಾಕ್ಟ್ರಪ್ಪ, ಇಪ್ಪತ್ತು ವರ್ಸದ ಉಡುಗ್ನಂಗೈತೆ ನನ್ ರಕ್ತ! ಒಂದು ಚೀಟೀಲಿ ಬರ್ದುಕೊಡು, ನಮ್ಮನೆವ್ಳಿಗೆ ತೋರಿಸ್ಬೇಕು" ಎಂದು ಬರೆಸಿಕೊಂಡು ಹೋಗುತ್ತಿದ್ದರು. ಡಾಕ್ಟರು ಪುಸ್ತಕ ನೋಡಿ, ಬಿಪಿ ಚೆನ್ನಾಗಿದೆ, ಆಯಾಸವಿರಬೇಕು ಎಂದು ತಲೆನೋವಿನ ಮಾತ್ರೆ ಕೊಡುತ್ತಿದ್ದರು. ಹೀಗೆ ಒಂದು ವರ್ಷ ನಡೆಯಿತು.

ಆ ವರ್ಷದ ಕೊನೆಯಲ್ಲಿ ಡಿಸ್ಪೆನ್ಸರಿಗೆ ನರ್ಸಾಗಿ ಐರಿಸ್ ಸಿಸ್ಟರ್ ಬಂದರು. ವೈಟ್‌ಫೀಲ್ಡಿನ ಹಳೆಯ ಆಂಗ್ಲೋ-ಇಂಡಿಯನ್ ಮನೆತನದವರು, ಖಡಕ್ ಹೆಂಗಸು. ಅವರು ಬಂದ ಎರಡನೆಯ ವಾರವೇ ಅಂಜಿನಪ್ಪನವರನ್ನು ನಾಲ್ಕು ಜನ ಎತ್ತಿಕೊಂಡು ಬಂದರು. ಮೆಷೀನಿನ ಪಕ್ಕ ಕುಸಿದಿದ್ದರು, ಮೂಗಿನಿಂದ ರಕ್ತ ಸುರಿಯುತ್ತಿತ್ತು. ನಾನು ಪಟ್ಟಿ ಸುತ್ತಿದೆ. ಅಂಥ ಹೊತ್ತಿನಲ್ಲೂ ನನ್ನ ಬಾಯಿಂದ "ನೂರಿಪ್ಪತ್ತು..." ಎಂದೇ ಹೊರಟಿತು. ಸಿಸ್ಟರ್ ನನ್ನನ್ನು ಪಕ್ಕಕ್ಕೆ ತಳ್ಳಿ ತಮ್ಮ ಸ್ಟೆತಾಸ್ಕೋಪು ಇಟ್ಟು ನೋಡಿದರು. ಇನ್ನೂರ ಹತ್ತು ಬೈ ನೂರಿಪ್ಪತ್ತು ಇತ್ತು.

ಆಂಬುಲೆನ್ಸ್ ಹೋದ ಮೇಲೆ ಅವರು ಪುಸ್ತಕ ತೆಗೆದು ಹಿಂದಿನ ಪುಟಗಳನ್ನೆಲ್ಲ ನೋಡಿದರು. ನನ್ನ ಸ್ಟೆತಾಸ್ಕೋಪನ್ನು ಕಿವಿಗೆ ಹಾಕಿಕೊಂಡು ಚಿಕ್ಕ ಮುಖದ ಮೇಲೆ ಬೆರಳಿನಿಂದ ಕುಟ್ಟಿದರು. ಆಮೇಲೆ ಅದನ್ನು ನನ್ನ ಕಿವಿಗೆ ಸಿಕ್ಕಿಸಿ ಕುಟ್ಟಿದರು. ಏನೂ ಇಲ್ಲ. ತುದಿ ಹಿಡಿದು ತಿರುಗಿಸಿದರು, ಟಿಕ್ ಎಂದಿತು. ಮತ್ತೆ ಕುಟ್ಟಿದಾಗ ತಲೆಯೊಳಗೇ ಯಾರೋ ಬಾಗಿಲು ಬಡಿದಂತಾಯಿತು. ಅಗಲದ ಮುಖದಲ್ಲಿದ್ದ ಕುಂಕುಮದ ಕಲೆಯನ್ನು ನೋಡಿ, "ಪೂಜೆ ಮಾಡೋಕೆ ಬರ್ತದೆ, ಕೇಳೋಕೆ ಬರಲ್ವಾ ಮ್ಯಾನ್? ಡಾಕ್ಟರ್‌ಗೆ ನಾನ್ ಹೇಳಲ್ಲ. ನೀನ್ ಹೇಳ್ಬೇಕು. ಆ ಮನುಷ್ಯನಿಗೂ ನೀನೇ ಹೇಳ್ಬೇಕು" ಎಂದರು.

ಡಾಕ್ಟರಿಗೆ ಹೇಳಿದೆ. ಬಾಯಿಗೆ ಬಂದಂತೆ ಬೈದರು. ಆದರೆ ಅವರೂ ವರ್ಷದಲ್ಲಿ ಒಂದು ಸಲವಾದರೂ ಆ ಕೈಗೆ ಪಟ್ಟಿ ಸುತ್ತಿ ನೋಡಿರಲಿಲ್ಲವಾದ್ದರಿಂದ ಬೈಗುಳ ಅರ್ಧಕ್ಕೆ ನಿಂತಿತು. ಕೊನೆಗೆ ಮೂರು ತಿಂಗಳು ಸಿಸ್ಟರ್ ಪಕ್ಕದಲ್ಲಿ ಕುಳಿತು ಮೊದಲಿನಿಂದ ಕಲಿಯಬೇಕು, ಅಲ್ಲಿಯವರೆಗೆ ಪುಸ್ತಕ ಮುಟ್ಟಕೂಡದು ಎಂದು ತೀರ್ಪಾಯಿತು.

ಅಂಜಿನಪ್ಪನವರು ಬದುಕಿದರು. ಅವರು ಆಸ್ಪತ್ರೆಯಿಂದ ಮನೆಗೆ ಬಂದ ಭಾನುವಾರ ಆರು ಕಿತ್ತಳೆ ಹಣ್ಣು ಹಿಡಿದುಕೊಂಡು, ಸಿಸ್ಟರನ್ನು ಕೇಳಿ ಪಡೆದ ಬಿಪಿ ಪೆಟ್ಟಿಗೆಯನ್ನೂ ನನ್ನ ಸ್ಟೆತಾಸ್ಕೋಪನ್ನೂ ಹಿಂದೆ ಕಟ್ಟಿಕೊಂಡು ಸೈಕಲ್ಲಿನಲ್ಲಿ ವರ್ತೂರಿಗೆ ಹೋದೆ. ಕೆರೆ ಏರಿಯ ಮೇಲೆ ಎರಡು ಸಲ ಇಳಿದು ನಿಂತೆ, ಒಂದು ಸಲ ಸೈಕಲ್ ತಿರುಗಿಸಿಯೂ ಬಿಟ್ಟೆ. ಹೇಗೋ ಮನೆ ತಲುಪಿದರೆ ಅವರು ಪಕ್ಕದ ಮನೆಯವರಿಗೆ ನನ್ನನ್ನು ತೋರಿಸಿ, "ಇವ್ರೇ ಕಣಪ್ಪ ನಮ್ ಡಾಕ್ಟ್ರಪ್ಪ. ವಾರ ವಾರ ಇವ್ರು ನೋಡ್ಕೊಂತಿದ್ದಕ್ಕೆ ನಾನು ಉಳ್ಕೊಂಡೆ" ಎಂದುಬಿಟ್ಟರು. ಅವರ ಹೆಂಡತಿ ಲಕ್ಷ್ಮಮ್ಮ ಉಪ್ಪಿಲ್ಲದ ಮಜ್ಜಿಗೆ ತಂದುಕೊಟ್ಟು ಮೆಲ್ಲಗೆ ಹೇಳಿದರು: "ತಲೆನೋವು ಅಂದಾಗ್ಲೇ ನಾನು ಉಪ್ಪಿನಕಾಯಿ, ಒಣಮೀನು ಎಲ್ಲಾ ನಿಲ್ಸಿದ್ದೆ ಕಣಪ್ಪ. ನಮ್ಮಪ್ಪನೂ ಇಂಗೇ ಓಗಿದ್ದು. ಆಮೇಲೆ ಇವ್ರು ನೀನು ಬರ್ದ ಚೀಟಿ ತಂದು ತೋರಿಸಿದ್ರು. ಅದ್ಕೇ ಮತ್ತೆ ಇಕ್ಕಿದೆ."

ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ. ಪಕ್ಕದ ಮನೆಯವರು ಎದ್ದು ಹೋಗುವವರೆಗೆ ಕಾದು ಎಲ್ಲವನ್ನೂ ಹೇಳಿದೆ: ಕೆಂಪಯ್ಯನ ಕೈ, ಕುಂಕುಮ, ಒಂದು ವರ್ಷದ ಸುಳ್ಳು. ಲಕ್ಷ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಅಂಜಿನಪ್ಪನವರು ನಾನು ತಂದ ಹಣ್ಣುಗಳನ್ನು ಪಕ್ಕಕ್ಕೆ ಸರಿಸಿದರು. ಕೆನ್ನೆಗೆ ಎರಡು ಬಿಗಿದಿದ್ದರೂ ಹಾಯೆನಿಸುತ್ತಿತ್ತು. ಆದರೆ ಅವರು, "ಈಗ ಕೇಳಿಸ್ತದಾ?" ಎಂದರು.

"ಕೇಳಿಸುತ್ತೆ ಅಂತ ಕಾಣುತ್ತೆ."

"ಕಾಣುತ್ತೆ ಗೀಣುತ್ತೆ ಬ್ಯಾಡ. ತಗೋ, ನೋಡು" ಎಂದು ಕೈ ಚಾಚಿದರು.

ನೋಡಿದೆ. ಟಕ್ ಟಕ್ ಎಂದು ಅವರ ರಕ್ತ ನನ್ನ ಕಿವಿಗೆ ಬಂತು. ನೂರೈವತ್ತೆಂಟು ಬೈ ತೊಂಬತ್ತಾರು ಎಂದೆ. ಕಣ್ಣಲ್ಲಿ ನೀರು ಬಂದದ್ದರಿಂದ ಎರಡು ಸಲ ನೋಡಬೇಕಾಯಿತು. ಅವರು ಈ ವಿಷಯವನ್ನು ಕಾರ್ಖಾನೆಯಲ್ಲಿ ಒಬ್ಬರಿಗೂ ಹೇಳಲಿಲ್ಲ. ಸೋಮವಾರ ಬರುವುದನ್ನೂ ಬಿಡಲಿಲ್ಲ. ನಿವೃತ್ತಿಯಾದ ಮೇಲೂ ಬರುತ್ತಾರೆ.

ಹತ್ತು ಹನ್ನೆರಡು ವರ್ಷಗಳಾದವು. ಈಗ ನಾನು ಹಿರಿಯ ಸಹಾಯಕ. ತರಬೇತಿಗೆ ಬರುವ ಮಕ್ಕಳಿಗೆ ಕಲಿಸಿ ಅವರ ಪುಸ್ತಕಕ್ಕೆ ರುಜು ಹಾಕುವುದು ನನ್ನ ಕೆಲಸ. ಆ ರುಜು ಇಲ್ಲದೆ ಅವರಿಗೆ ಸರ್ಟಿಫಿಕೇಟಿಲ್ಲ. ಹೋದ ಸೋಮವಾರ ಮೂವರು ಬಂದಿದ್ದರು, ಇಬ್ಬರು ಹುಡುಗರು ಮತ್ತು ನಾಗವೇಣಿ ಎಂಬ ಹುಡುಗಿ. ಅಂಜಿನಪ್ಪನವರು ಯಾರೂ ಹೇಳದೆಯೇ ಅಂಗಿಯ ತೋಳು ಮಡಚಿಕೊಂಡು ಕುಳಿತರು. ಮೊದಲ ಹುಡುಗ ಕಿವಿಗೊಟ್ಟು "ನೂರಿಪ್ಪತ್ತು ಬೈ ಎಂಬತ್ತು ಸಾರ್" ಎಂದ. ಎರಡನೆಯವನೂ ತಲೆಯಾಡಿಸಿ ಅದನ್ನೇ ಹೇಳಿದ. ನಾಗವೇಣಿ ಮಾತ್ರ ಕಿವಿಯಿಂದ ಸ್ಟೆತಾಸ್ಕೋಪು ತೆಗೆದು, "ಸಾರ್, ನಂಗೇನೂ ಕೇಳಿಸ್ತಿಲ್ಲ" ಎಂದಳು.

ನಾನು ಒಂದು ವರ್ಷದಲ್ಲಿ ಆಡಲಾರದ ಮಾತನ್ನು ಅವಳು ಎರಡು ನಿಮಿಷದಲ್ಲಿ ಆಡಿದ್ದಳು. ತುದಿಯನ್ನು ತಿರುಗಿಸಿ ಕೊಟ್ಟೆ. ಮತ್ತೆ ನೋಡಿ "ನೂರೈವತ್ತು ಬೈ ತೊಂಬತ್ತು" ಎಂದಳು. ಸರಿಯಾಗಿತ್ತು. ಹುಡುಗರಿಬ್ಬರೂ ನೆಲ ನೋಡಿದರು. ಆಗ ಅವಳು ನಗುತ್ತ, "ನಿಮಗೂ ಮೊದಲ್ನೇ ದಿನ ಹೀಗೇ ಆಗಿತ್ತಾ ಸಾರ್?" ಎಂದು ಕೇಳಿದಳು.

ಹೇಳಬೇಕಾದ ಹೊತ್ತು ಅದೇ ಆಗಿತ್ತು. ಮೊದಲ ದಿನ ಅಲ್ಲಮ್ಮ, ಮೊದಲ ವರ್ಷ ಪೂರ್ತಿ ಎಂದಿದ್ದರೆ ಆ ಹುಡುಗರಿಬ್ಬರಿಗೂ ಜೀವನಪೂರ್ತಿಯ ಪಾಠವಾಗುತ್ತಿತ್ತು. ಮೂವರೂ ನನ್ನನ್ನೇ ನೋಡುತ್ತಿದ್ದರು. ಅದೇ ಹಳೆಯ ನೋಟ.

"ಇಲ್ಲಮ್ಮ, ನನಗೆ ಮೊದಲನೇ ದಿನಾನೇ ಕೇಳಿಸ್ತು" ಎಂದುಬಿಟ್ಟೆ.

ಅಂಜಿನಪ್ಪನವರು ಅಂಗಿಯ ತೋಳು ಇಳಿಸಿಕೊಳ್ಳುತ್ತ ನನ್ನ ಕಡೆ ನೋಡದೆ ಹೇಳಿದರು: "ಔದು ಕಣವ್ವ. ನಮ್ ಡಾಕ್ಟ್ರಪ್ಪನ ಕಿವಿ ಬಲೇ ಚುರುಕು."

ನಾಗವೇಣಿಯ ಪುಸ್ತಕಕ್ಕೆ ರುಜು ಹಾಕಿದೆ. ಹುಡುಗರಿಬ್ಬರ ಪುಸ್ತಕಗಳನ್ನು ಹಾಗೆಯೇ ವಾಪಸು ಕೊಟ್ಟು, ಕೇಳಿಸದೆ ಕೇಳಿಸಿತು ಅನ್ನಬಾರದು ಕಣ್ರೋ ಎಂದು ಗಟ್ಟಿಯಾಗಿ ಬುದ್ಧಿ ಹೇಳಿದೆ.